ತೊಡೆಯಲ್ಲಿ ಉಳಿದ ಹತ್ತು ವಾರ

ಯಂತ್ರಕ್ಕೆ ಕಸ್ತೂರಿ ಇಟ್ಟ ಹೆಸರು ‘ಮರಳಿಕೆ ಮಾಪಕ’. ಜನ ಅದನ್ನು ಕರೆದದ್ದು ‘ನಾಗಾ ಮಷೀನು’ ಎಂದು. ತಾಲೀಮಿಗೆ ಬಾರದೆ ತಪ್ಪಿಸಿಕೊಂಡ ದಿನಕ್ಕೆ ಗರಡಿಗಳಲ್ಲಿ ನಾಗಾ ಅನ್ನುತ್ತಾರೆ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಕೂತು ಅವಳು ಕಟ್ಟಿದ ಆ ಯಂತ್ರ ಹೇಳುತ್ತಿದ್ದದ್ದು ಒಂದೇ ಮಾತು: ವ್ಯಾಯಾಮವನ್ನು ಕೆಲವು ವಾರ ಬಿಟ್ಟರೂ ಸ್ನಾಯು ಹಾಳಾಗುವುದಿಲ್ಲ, ಮರಳಿ ಬಂದವನಿಗೆ ಶಕ್ತಿಯೂ ಮರಳಿ ಬರುತ್ತದೆ, ಅದೂ ಮೊದಲ ಸಲ ಗಳಿಸಲು ಹಿಡಿದ ಕಾಲಕ್ಕಿಂತ ಎಷ್ಟೋ ಬೇಗ. ಜನಕ್ಕೆ ಆ ಮಾತಿನ ಉತ್ತರಾರ್ಧ ಬೇಕಿರಲಿಲ್ಲ. ಯಾರು, ಯಾವಾಗ, ಎಷ್ಟು ದಿನ ಬಿಟ್ಟರು ಎಂಬುದನ್ನು ಯಂತ್ರ ತೋರಿಸುತ್ತದಲ್ಲ, ಅವರಿಗೆ ಅಷ್ಟೇ ಸಾಕಾಗಿತ್ತು.

ಯಂತ್ರದ ಕೆಲಸ ಅಂಥ ಗಹನವೇನಲ್ಲ. ಭಾರ ಎತ್ತುವವನ ಸ್ನಾಯುವಿನ ಎಳೆ ದಪ್ಪಗಾಗುತ್ತದೆ. ದಪ್ಪಗಾದ ಎಳೆಯನ್ನು ಸಂಭಾಳಿಸಲು ಅಕ್ಕಪಕ್ಕದ ಪುಟ್ಟ ಜೀವಕೋಶಗಳು ಬಂದು ಅದರೊಳಗೆ ಬೆರೆತು, ತಮ್ಮ ಕೋಶಕೇಂದ್ರಗಳನ್ನು ಅದಕ್ಕೆ ಒಪ್ಪಿಸುತ್ತವೆ. ವ್ಯಾಯಾಮ ನಿಂತರೆ ಎಳೆ ಸೊರಗುತ್ತದೆ, ಆದರೆ ಹೊಸದಾಗಿ ಸೇರಿದ ಕೇಂದ್ರಗಳು ಜಾಗ ಬಿಟ್ಟು ಕದಲುವುದಿಲ್ಲ. ಮನೆಯವರು ಪರ ಊರಿಗೆ ಹೋದರೂ ಒಲೆ ಇದ್ದಲ್ಲೇ ಇರುತ್ತದಲ್ಲ, ಹಾಗೆ. ಬಂದವರು ಬೆಂಕಿ ಹಚ್ಚಿದರೆ ಸಾಕು. ಎತ್ತಿದ ಕಾಲ, ಬಿಟ್ಟ ಕಾಲ ಎರಡೂ ಆ ಕೇಂದ್ರಗಳ ಮೇಲೆ ಸಣ್ಣ ರಾಸಾಯನಿಕ ಗುರುತುಗಳಾಗಿ, ಪದರದ ಮೇಲೆ ಪದರವಾಗಿ ಉಳಿಯುತ್ತವೆ. ತೊಡೆಗೆ ಸೂಜಿ ಹಾಕಿ ಅರ್ಧ ಜೋಳದ ಕಾಳಿನಷ್ಟು ಸ್ನಾಯು ತೆಗೆದುಕೊಟ್ಟರೆ ಯಂತ್ರ ಆ ಪದರಗಳನ್ನು ಓದಿ ಒಂದು ಗೆರೆ ಬರೆಯುತ್ತದೆ. ದುಡಿದ ಕಾಲಕ್ಕೆ ಗೆರೆ ಮೇಲೇರುತ್ತದೆ, ಬಿಟ್ಟ ಕಾಲಕ್ಕೆ ಇಳಿಯುತ್ತದೆ. ಐವತ್ತು ವರ್ಷ ಹಿಂದಿನ ಬಿಡುವನ್ನೂ ಅದು ಒಂದು ವಾರ ಆಚೀಚೆಯಾಗಿ ಹೇಳಬಲ್ಲದು.

ಬಂದ ಕೆಲವೇ ತಿಂಗಳಲ್ಲಿ ಅದು ಮಾಡಿದ ಅನಾಹುತ ಒಂದೆರಡಲ್ಲ. ಪೊಲೀಸ್ ಭರ್ತಿಗೆ ನಿಂತ ಹುಡುಗರು ಓಟದಲ್ಲಿ ಗೆದ್ದು ಗೆರೆಯಲ್ಲಿ ಸೋತರು. ಕಾಮಾಲೆಯಾಗಿ ಎರಡು ತಿಂಗಳು ಮಲಗಿದ್ದ ಕಬಡ್ಡಿ ಹುಡುಗಿಯೊಬ್ಬಳನ್ನು, ಅವಳು ಈಗ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದರೂ, ‘ಶಿಸ್ತಿಲ್ಲದವಳು’ ಎಂದು ತಂಡದಿಂದ ಕೈಬಿಟ್ಟರು. ಕೆಲವು ಕಡೆ ಹೆಣ್ಣು ಕೊಡುವವರು ಜಾತಕದ ಜೊತೆ ಹುಡುಗನ ತೊಡೆಯ ಗೆರೆಯನ್ನೂ ಕೇಳುತ್ತಿದ್ದರಂತೆ. ಬಿಡುವು ತಪ್ಪಲ್ಲ ಎಂದು ಸಾರಲು ಹುಟ್ಟಿದ ಯಂತ್ರ ಬಿಡುವು ಪಡೆದವರನ್ನೆಲ್ಲ ಹುಡುಕಿ ಹುಡುಕಿ ಹೊರಗೆ ಹಾಕುತ್ತಿತ್ತು. ಕಸ್ತೂರಿ ಪತ್ರಿಕೆಗಳಿಗೆ ಬರೆದಳು, ಸಭೆಗಳಲ್ಲಿ ಕೂಗಿ ಹೇಳಿದಳು. ಚಪ್ಪಾಳೆ ತಟ್ಟಿದ ಮಂದಿಯೇ ಹೊರಗೆ ಬಂದು, ‘ಮೇಡಂ, ನಮ್ಮ ಕಾರ್ಖಾನೆಗೂ ಒಂದು ಮಷೀನು ಬೇಕಿತ್ತು’ ಅನ್ನುತ್ತಿದ್ದರು. ಅವಳಿಗೆ ರೋಸಿಹೋಗಿತ್ತು.

ಆದರೆ ಅವಳು ಯಂತ್ರ ಕಟ್ಟಿದ್ದು ಆ ಮಂದಿಗಾಗಿ ಅಲ್ಲ. ಕಟ್ಟಿದ್ದು ಒಬ್ಬನಿಗಾಗಿ, ತಮ್ಮ ಸಿದರಾಯನಿಗಾಗಿ.

ಅವರ ಊರು ಮುಧೋಳ ಸೀಮೆಯಲ್ಲಿ, ಘಟಪ್ರಭಾ ದಂಡೆಯ ಮೇಲೆ. ಅಪ್ಪ ಭರಮಪ್ಪ ಅಲ್ಲಿಯ ಗರಡಿಯ ವಸ್ತಾದ, ಅಂದರೆ ಕುಸ್ತಿ ಕಲಿಸುವ ಗುರು. ನಲವತ್ತಾರು ವರ್ಷದಿಂದ ಒಂದು ದಿನವೂ ನಾಗಾ ಮಾಡದವನು ಎಂದು ಸುತ್ತ ಹತ್ತು ಹಳ್ಳಿಯಲ್ಲಿ ಅವನ ಹೆಸರು. ಆ ಗರಡಿಯಲ್ಲಿ ಒಂದು ಕಟ್ಟಳೆಯಿತ್ತು. ಒಂದು ಮಂಡಲ, ಎಂದರೆ ನಲವತ್ತೆಂಟು ದಿನ, ಮಣ್ಣಿಗೆ ಇಳಿಯದ ಪೈಲವಾನನ ಅಂಗೈಗೆ ವಸ್ತಾದ ಒಂದು ಹಿಡಿ ಕೆಮ್ಮಣ್ಣು ಹಾಕುತ್ತಾನೆ. ಅವನು ಅದನ್ನು ಬಾವಿಕಟ್ಟೆಯಲ್ಲಿ ತೊಳೆದುಕೊಂಡು ಹೊರಟುಹೋಗಬೇಕು. ‘ಮಣ್ಣು ತೊಳೆಸುವುದು’ ಎನ್ನುತ್ತಾರೆ. ಮಣ್ಣು ತೊಳೆದವನನ್ನು ಬೇರೆ ಯಾವ ಗರಡಿಯೂ ಸೇರಿಸುವುದಿಲ್ಲ. ತೊಳೆಸಿದ ವಸ್ತಾದನೇ ಕೈಹಿಡಿದು ಕರೆದರೆ ಮಾತ್ರ ಮರಳಿ ದಾರಿ.

ಹನ್ನೆರಡು ವರ್ಷದ ಹಿಂದೆ ಅವ್ವ ನೀಲವ್ವನ ಎರಡೂ ಮೂತ್ರಪಿಂಡ ಕೈಕೊಟ್ಟವು. ಕಸ್ತೂರಿ ಆಗ ಪರದೇಶದಲ್ಲಿ ಓದುತ್ತಿದ್ದಳು. ಬೆಳಗಾವಿಯ ಆಸ್ಪತ್ರೆಯಲ್ಲಿ ಅವ್ವನ ಹಾಸಿಗೆಯ ಪಕ್ಕ ಕೂತವನು ಇಪ್ಪತ್ತೆರಡರ ಸಿದರಾಯ. ಅಪ್ಪ ಎರಡು ಸಲ ಬಂದು, ಸಂಜೆಯ ತಾಲೀಮಿಗೆ ಹೊತ್ತಾಯಿತೆಂದು ಎರಡು ಸಲವೂ ಅದೇ ಬಸ್ಸಿಗೆ ವಾಪಸಾದ. ಅವ್ವ ಉಳಿಯಲಿಲ್ಲ. ದಿನಕರ್ಮ ಮುಗಿಸಿ ಸಿದರಾಯ ಲಂಗೋಟಿ ಹಿಡಿದು ಗರಡಿಗೆ ಹೋದಾಗ ಒಟ್ಟು ಹತ್ತು ವಾರವಾಗಿತ್ತು. ಆ ವರ್ಷ ದೊಡ್ಡ ಕುಸ್ತಿ ಗೆದ್ದವನಿಗೆ ಸಿಗುವ ಬೆಳ್ಳಿ ಗದೆ ಅವನದೇ ಎಂದು ಊರೆಲ್ಲ ಹೇಳುತ್ತಿತ್ತು. ಭರಮಪ್ಪ ಮಗನ ಮುಖ ನೋಡದೆ ಅವನ ಅಂಗೈಗೆ ಮಣ್ಣು ಹಾಕಿದ. ಮಗ ಅದನ್ನು ಬಾವಿಕಟ್ಟೆಯಲ್ಲಿ ತೊಳೆದುಕೊಂಡು ಹೊರಟುಹೋದ.

ಅಂದಿನಿಂದ ಸಿದರಾಯ ಗ್ಯಾಸ್ ಸಿಲಿಂಡರ್ ಹೊರುತ್ತಾನೆ. ಏಜೆನ್ಸಿಯ ಟೆಂಪೊದಿಂದ ಇಳಿಸಿ, ಹೆಗಲ ಮೇಲಿಟ್ಟು ಮೂರು ಮಹಡಿ ಹತ್ತುತ್ತಾನೆ. ಅಪ್ಪನ ಜೊತೆ ಮಾತಿಲ್ಲ. ಗರಡಿಯ ಓಣಿಯಲ್ಲಿ ಸಿಲಿಂಡರ್ ಕೊಡುವುದಿದ್ದರೆ ಬೇರೆಯವರನ್ನು ಕಳಿಸುತ್ತಾನೆ.

ಈಗ ಅವಸರ ಬಿದ್ದದ್ದು ಯಾಕೆಂದರೆ ಭರಮಪ್ಪನಿಗೆ ಎಪ್ಪತ್ತೆರಡಾಗಿತ್ತು. ಬರುವ ನಾಗರಪಂಚಮಿಗೆ ವಸ್ತಾದನ ಕೋಲನ್ನು ಇನ್ನೊಬ್ಬರಿಗೆ ಒಪ್ಪಿಸುವುದಾಗಿ ಹೇಳಿಬಿಟ್ಟಿದ್ದ. ಕೋಲು ಕೈಬಿಟ್ಟ ಮೇಲೆ ಅವನು ತೊಳೆಸಿದ ಮಣ್ಣನ್ನು ಅವನೂ ಮರಳಿ ಕೊಡಲಾರ. ಪಂಚಮಿಯೊಳಗೆ ಆಗದಿದ್ದರೆ ಸಿದರಾಯ ಸಾಯುವತನಕ ಹೊರಗೆ.

“ನನಗ ಕುಸ್ತಿ ಹಿಡೀಬೇಕಂತಿಲ್ಲಕ್ಕಾ,” ಎಂದ ಸಿದರಾಯ. ಅವನ ಮನೆಯ ಪಡಸಾಲೆಯಲ್ಲಿ ಕಸ್ತೂರಿ ಅವನ ತೊಡೆಗೆ ಸೂಜಿ ಹಾಕಿ ಹತ್ತಿ ಒತ್ತಿ ಹಿಡಿದಿದ್ದಳು. “ಆ ಮಣ್ಣಾಗ ಒಮ್ಮೆ ಕಾಲಿಡಬೇಕು ಅಷ್ಟ. ನಾಕು ಮಂದಿ ಹುಡುಗರಿಗೆ ಪಟ್ಟು ಹೇಳಿಕೊಡಬೇಕು. ನಾ ಏನ್ ತಪ್ಪು ಮಾಡೇನಿ ಅಂತ ಯಾರರ ಹೇಳಬೇಕು.”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮಾಲವ್ವ ಅಲ್ಲಿಂದಲೇ ಅಂದಳು, “ಕನಸಿನ್ಯಾಗ ತೊಡಿ ತಟ್ಟತಾರ್ರೀ ಅಕ್ಕಾರ. ಮದುವಿಯಾದಾಗಿಂದ ನೋಡಾಕತ್ತೇನಿ. ಎದ್ದ ಮ್ಯಾಲ ಕೇಳಿದ್ರ ಇಲ್ಲ ಅಂತಾರ.”

“ಸುಮ್ಮನಿರ ನೀ,” ಎಂದು ಸಿದರಾಯ ನಾಚಿಕೊಂಡ. ಮೂವತ್ತನಾಲ್ಕರ, ಆರಡಿ ಎತ್ತರದ ಗಂಡಸು ಹಾಗೆ ನಾಚಿದ್ದನ್ನು ಕಂಡು ಕಸ್ತೂರಿ ಹತ್ತಿಯನ್ನು ಇನ್ನಷ್ಟು ಒತ್ತಿ ಹಿಡಿದಳು.

ಯಂತ್ರ ಬರೆದುಕೊಟ್ಟ ಅವನ ಗೆರೆ ಹನ್ನೆರಡು ವರ್ಷದ ಹಿಂದೆ ಸರ್ರನೆ ಇಳಿದು, ಆಮೇಲೆ ಸಿಲಿಂಡರ್ ಹೊರುವ ಕೆಲಸಕ್ಕೆ ಚೂರು ಎದ್ದರೂ ಕೆಳಮಟ್ಟದಲ್ಲೇ ಹರಿದಿತ್ತು. ಆದರೆ ಕೋಶಕೇಂದ್ರಗಳು? ಹುಡುಗತನದಲ್ಲಿ ಗಳಿಸಿದವು ಅಷ್ಟೂ ಇದ್ದವು. ಒಂಬತ್ತು ವಾರದ ತಾಲೀಮು ಸಾಕು, ಹಳೆಯ ಶಕ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮರಳಿ ಬರುತ್ತದೆ ಎಂದು ಯಂತ್ರ ಹೇಳಿತು. ಕಸ್ತೂರಿ ಆ ಹಾಳೆ ಹಿಡಿದು ಮರುದಿನ ಬೆಳಿಗ್ಗೆ ಗರಡಿಗೆ ಹೋದಳು.

ಗರಡಿಯ ಪಂಚರು ಐದು ಮಂದಿ ಕಟ್ಟೆಯ ಮೇಲೆ ಕೂತು ಪಂಚಮಿಯ ತಯಾರಿ ಮಾತಾಡುತ್ತಿದ್ದರು. ಅವರಲ್ಲಿ ಹಿರಿಯ ಚಂದ್ರಾಮ ಮಾಸ್ತರ. ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು. ಭರಮಪ್ಪ ಅಖಾಡದ ಅಂಚಿನಲ್ಲಿ ನಿಂತು ಬೈಠಕ್ ಹೊಡೆಯುತ್ತಿದ್ದ. ಆ ವಯಸ್ಸಿನಲ್ಲೂ ದಿನಕ್ಕೆ ನೂರು. ಕಸ್ತೂರಿ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಹಾಳೆ ತೋರಿಸಿದಳು. ಭರಮಪ್ಪ ಬೈಠಕ್ ನಿಲ್ಲಿಸಲೇ ಇಲ್ಲ.

“ತೊಂಬತ್ತೇಳು… ತೊಂಬತ್ತೆಂಟು…” ನೂರಕ್ಕೆ ನಿಂತು ಟವೆಲಿನಿಂದ ಮುಖ ಒರೆಸಿಕೊಂಡ. “ಹಾಳಿ ಮ್ಯಾಲ ಯಾರ ಬೇಕಾದ್ರೂ ಗೆರಿ ಎಳೀತಾರ. ತಮ್ಮನ ಮ್ಯಾಲ ಅಂತಃಕರಣ ಇದ್ದ ಅಕ್ಕ ಇನ್ನೂ ಚಂದ ಎಳೀತಾಳ.”

ಪಂಚರು ನಕ್ಕರು.

“ಅಪ್ಪಾ, ಮಷೀನಿಗೆ ಅಂತಃಕರಣ ಇರೂದಿಲ್ಲ.”

“ಹಂಗಾದ್ರ ನನ್ನ ತೊಡಿ ನೋಡು.” ಭರಮಪ್ಪ ಪಂಚರ ಕಡೆ ತಿರುಗಿ, ತೊಡೆಯನ್ನು ಫಟ್ಟನೆ ತಟ್ಟಿದ. “ನಲವತ್ತಾರು ವರ್ಷದಾಗ ನಾ ಒಂದಿನಾ ನಾಗಾ ಮಾಡಿಲ್ಲ. ಊರಿಗೆಲ್ಲಾ ಗೊತ್ತೈತಿ. ಮಷೀನೂ ಅದನ್ನ ಹೇಳಿದ್ರ ಮಷೀನು ಖರೇ. ಆಗ ಸಿದರಾಯಂದೂ ನೋಡೂಣು. ಪಂಚಮಿ ದಿನ ಎಲ್ಲಾರ ಮುಂದ ಹೇಳು.”

ಮಾತು ಬಾಯಿಂದ ಬಿದ್ದಮೇಲೆ ಅವನ ಮುಖದಲ್ಲಿ ಏನೋ ಹೊಯ್ದಾಡಿದಂತಾಯಿತು. ಆದರೆ ಐದು ಜನ ಪಂಚರು ಕೇಳಿಸಿಕೊಂಡಾಗಿತ್ತು. ಗರಡಿಯಲ್ಲಿ ತೊಡೆ ತಟ್ಟಿ ಆಡಿದ ಮಾತನ್ನು ವಾಪಸು ತೆಗೆದುಕೊಂಡವರಿಲ್ಲ. ಚಂದ್ರಾಮ ಮಾಸ್ತರರು, “ಭೇಷ್ ವಸ್ತಾದ!” ಎಂದರು. ಭರಮಪ್ಪ ಕಟ್ಟೆಯ ಮೇಲೆ ಕೂತು ಕಾಲು ಚಾಚಿದ. ಕಸ್ತೂರಿ ಸೂಜಿ ತೆಗೆದಳು.

ಧಾರವಾಡದ ಪ್ರಯೋಗಾಲಯದಲ್ಲಿ ಗೆರೆಯನ್ನು ಮೊದಲು ನೋಡಿದವಳು ಜುಬೇದಾ. ಎಂಟು ವರ್ಷದಿಂದ ಕಸ್ತೂರಿಯ ಜೊತೆಗಿದ್ದ ಹುಡುಗಿ, ಯಂತ್ರದ ಒಂದೊಂದು ಮೊಳೆಯೂ ಅವಳಿಗೆ ಗೊತ್ತು. ಬಂದವರ ಹೆಸರು ಅವಳಿಗೆ ತಿಳಿಯುತ್ತಿರಲಿಲ್ಲ. ಸೀಸೆಯ ಮೇಲೆ ಸಂಖ್ಯೆ ಮಾತ್ರ ಇರುತ್ತಿತ್ತು.

“ಮೇಡಂ, ಇಲ್ಲಿ ಬರ್ರಿ. ಇದು ಯಾರದ್ದರೀ?” ಜುಬೇದಾ ಪರದೆಗೆ ಬೆರಳು ಹಚ್ಚಿದಳು. “ಇಷ್ಟು ಚಂದ ಮರಳಿದ್ದು ನಾ ಒಂದೂ ನೋಡಿಲ್ಲ.”

ಗೆರೆ ಹದಿನೈದನೇ ವಯಸ್ಸಿನಿಂದ ಏರುತ್ತ ಬಂದು ಇಪ್ಪತ್ತೇಳಕ್ಕೆ ಒಮ್ಮೆಲೇ ಧೊಪ್ಪನೆ ಕುಸಿದಿತ್ತು. ಹತ್ತು ವಾರ ಕೆಳಗಿದ್ದು, ಮುಂದಿನ ನಾಲ್ಕೇ ವಾರದಲ್ಲಿ ಮೊದಲಿಗಿಂತ ಮೇಲೆ ಹೋಗಿತ್ತು. ಆ ಹತ್ತು ವಾರದಲ್ಲಿ ಜ್ವರದ ಗುರುತಿಲ್ಲ, ಗಾಯದ ಗುರುತಿಲ್ಲ. ಒಳ್ಳೆಯ ಊಟ ಉಂಡು, ಚೆನ್ನಾಗಿ ನಿದ್ದೆ ಮಾಡಿದವನ ಸ್ನಾಯು ಅದು. ಆಮೇಲಿನ ನಲವತ್ತೈದು ವರ್ಷದಲ್ಲಿ ಗೆರೆ ಒಮ್ಮೆಯೂ ಇಳಿದಿರಲಿಲ್ಲ.

ಕಸ್ತೂರಿ ಇಪ್ಪತ್ತೇಳನ್ನು ಲೆಕ್ಕ ಹಾಕಿದಳು. ಭರಮಪ್ಪ ಬೆಳ್ಳಿ ಗದೆ ಗೆದ್ದ ವರ್ಷ. ಅವನು ಗದೆ ಹೆಗಲ ಮೇಲಿಟ್ಟು ನಿಂತ ಚಿತ್ರ ಈಗಲೂ ಗರಡಿಯ ಗೋಡೆಯ ಮೇಲಿದೆ. ಮಾದರಿಯನ್ನು ಅವಳು ಮತ್ತೆ ಎರಡು ಸಲ ಓದಿಸಿದಳು. ಯಂತ್ರ ಮೂರು ಸಲವೂ ಗೆರೆ ಕುಸಿದುಬಿದ್ದ ಅದೇ ಗುಂಡಿಯನ್ನು ತೋರಿಸಿತು.

ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ವಾರವೇ ಊರಿಗೆ ಹೋದಳು. ಮಧ್ಯಾಹ್ನದ ಹೊತ್ತು, ಗರಡಿ ಖಾಲಿ. ಭರಮಪ್ಪ ಒಬ್ಬನೇ ಅಖಾಡದ ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುತ್ತಿದ್ದ. ಕಸ್ತೂರಿ ಗೆರೆಯ ಹಾಳೆಯನ್ನು ಅವನ ಮುಂದೆ ಹಿಡಿದಳು. ಓದಲು ಬಾರದ ಮುದುಕ ಆ ಗುಂಡಿಯನ್ನು ಮಾತ್ರ ನೋಡಿದ ಕೂಡಲೇ ಗುರುತು ಹಿಡಿದ.

“ಎಲ್ಲಿದ್ದಿ ಅಪ್ಪಾ ಹತ್ತು ವಾರ?”

ಅವನು ಗುದ್ದಲಿಯನ್ನು ಗೋಡೆಗೆ ಆನಿಸಿದ. ಕೈಯ ಮಣ್ಣು ಒರೆಸಿಕೊಂಡು ಅಂದ, “ನಾಟಕ ಕಂಪನಿಯೊಳಗ.”

“ಏನಂದಿ?”

“ಗೋಕಾಕ ಕಡೀಂದ ಒಂದು ಕಂಪನಿ ಬಂದಿತ್ತು. ಅವರ ಭೀಮ ಓಡಿಹೋಗಿದ್ದ. ನನ್ನ ಮೈಕಟ್ಟು ನೋಡಿ ಕರದ್ರು, ಹೋದ್ನಿ. ಹತ್ತು ವಾರ ಭೀಮನ ಪಾರ್ಟು ಮಾಡಿದ್ನಿ.” ಮುದುಕನ ಮುಖದಲ್ಲಿ ಒಂದು ಗಳಿಗೆ ಎಳೆತನ ಬಂದು ಹೋಯಿತು. “ರಟ್ಟಿನ ಗದಿ. ಮುಂಜಾನಿ ಒಂಬತ್ತಕ್ಕ ಏಳೂದು, ಮಿರ್ಚಿ ಭಜಿ ತಿನ್ನೂದು. ಒಂದ್ ಬೈಠಕ್ ಹೊಡೀಲಿಲ್ಲ ನೋಡು. ಜನ ಒನ್ಸ್ ಮೋರ್ ಅಂತಿದ್ರು.”

ಕಸ್ತೂರಿ ಹಾಳೆಯನ್ನು ಮಡಚಿದಳು.

“ನನ್ನ ವಸ್ತಾದ ಹುಡುಕ್ಕೊಂಡು ಬಂದ. ಕಿವಿ ಹಿಡಿದು ಕರಕೊಂಡು ಬಂದು, ಊರಿಗೆಲ್ಲಾ ಕೊಲ್ಲಾಪುರಕ್ಕ ತಾಲೀಮಿಗೆ ಕಳಿಸಿದ್ನಿ ಅಂತ ಹೇಳಿದ. ಮಣ್ಣು ತೊಳೆಸಲಿಲ್ಲ. ನಾಕ ವಾರದಾಗ ಮೈ ಹೊಳ್ಳಿ ಬಂತು. ಗದಿ ಗೆದ್ನಿ.”

“ಹಂಗಾರ ನಿನಗ ಗೊತ್ತಿತ್ತು. ಬಿಟ್ಟ ಶಕ್ತಿ ಹೊಳ್ಳಿ ಬರತೈತಿ ಅಂತ ನಿನಗ ನನಗಿಂತ ಮೊದಲ ಗೊತ್ತಿತ್ತು. ಹನ್ನೊಂದು ವರ್ಷ ನಾ ಅದನ್ನ ಹುಡುಕಿದ್ನಲ್ಲೋ ಅಪ್ಪಾ!”

“ಗೊತ್ತಿತ್ತು.”

“ಅವ ಅವ್ವನ ಹಾಸಿಗಿ ಮುಂದ ಕೂತಿದ್ದ. ನೀ ಭಜಿ ತಿನ್ನಾಕ ಹೋಗಿದ್ದಿ. ಅವನ ಕೈಯಾಗ ಮಣ್ಣು ಹಾಕುವಾಗ ನಿನಗ ಏನೂ ಅನಸಲಿಲ್ಲ?”

ಭರಮಪ್ಪ ಕೆಮ್ಮಣ್ಣಿನ ಮೇಲೆ ಕೂತುಬಿಟ್ಟ. “ಅನಸಿತು. ಇವತ್ತಿಗೂ ಅನಸತೈತಿ. ಆದ್ರ ಎಲ್ಲಾರೂ ನಿಂತು ನೋಡಾಕತ್ತಿದ್ರು. ಹೊಳ್ಳಿ ಬರತೈತಿ ಅಂತ ಗೊತ್ತಾದ್ರ ಮುಂಜಾನಿ ಐದಕ್ಕ ಯಾವ ಹುಡುಗ ಏಳತಾನ? ಒಂದಿನಾ ಬಿಟ್ರ ಎಲ್ಲಾ ಹೋಗತೈತಿ ಅನ್ನೂ ಅಂಜಿಕಿ ಮ್ಯಾಲ ಈ ಗರಡಿ ನಿಂತೈತಿ. ನಾನೂ ಅದರ ಮ್ಯಾಲ ನಿಂತೇನಿ.”

ಆಮೇಲೆ ಅವನು ತಲೆಯೆತ್ತಿ ಮಗಳನ್ನು ನೋಡಿದ. ಹೇಳಲು ಬಂದವಳು ಅವಳು, ಆದರೆ ಪಟ್ಟು ಹಾಕಿದವನು ಅವನು. ವಸ್ತಾದನಲ್ಲವೇ.

“ಪಂಚಮಿ ದಿನ ನೀ ಈ ಗುಂಡಿ ತೋರಿಸಿದ್ರ ನಾ ಏನಂತೇನಿ? ಮಷೀನು ಸುಳ್ಳು ಅಂತೇನಿ. ಮಂದಿ ನನ್ನ ಮಾತು ನಂಬತಾರ. ಮಷೀನು ಸುಳ್ಳಾದ್ರ ಸಿದರಾಯನ ಹಾಳೀನೂ ಸುಳ್ಳ.” ಅವನು ದನಿ ತಗ್ಗಿಸಿದ. “ಗುಂಡಿ ಮುಚ್ಚು. ನಂದು ಸರಿ ಐತಿ ಅಂತ ಹೇಳು. ಮಷೀನು ಖರೇ ಆಗತೈತಿ, ಆಗ ಎಲ್ಲಾರ ಮುಂದ ನಾ ಅವನ ಕೈ ಹಿಡದು ಮಣ್ಣಿಗೆ ಇಳಸತೇನಿ. ನಿನ್ನ ಅವ್ವನ ಆಣಿ.”

ಯಂತ್ರವನ್ನು ಜನ ನಂಬಬೇಕಾದರೆ ಯಂತ್ರ ಸುಳ್ಳು ಹೇಳಬೇಕು. ಕಸ್ತೂರಿ ಇದನ್ನು ಬಸ್ಸಿನಲ್ಲಿ ಧಾರವಾಡದವರೆಗೂ ತಿರುಗಿಸಿ ತಿರುಗಿಸಿ ನೋಡಿದಳು. ಬೇರೆ ದಾರಿ ಕಾಣಲಿಲ್ಲ. ಅಥವಾ ಕಾಣಲು ಅವಳಿಗೆ ಮನಸ್ಸಿರಲಿಲ್ಲ. ತೊಡೆ ತಟ್ಟಿದ್ದಕ್ಕೆ ನಾಚಿಕೊಂಡ ತಮ್ಮನ ಮುಖವೇ ಕಣ್ಣ ಮುಂದಿತ್ತು.

“ಮೇಡಂ, ಹಿಂಗ ಮಾಡಬ್ಯಾಡ್ರಿ,” ಎಂದಳು ಜುಬೇದಾ. ಗೆರೆ ಯಾರದೆಂದು, ನಡೆದದ್ದೇನೆಂದು ಅವಳಿಗೆ ಹೇಳಿ, ಕಸ್ತೂರಿ ಪರದೆಯ ಮೇಲೆ ಗುಂಡಿಯ ಎರಡೂ ದಂಡೆಗಳನ್ನು ಕೂಡಿಸುತ್ತಿದ್ದಳು. “ಬ್ಯಾರೆ ಯಾರರ ತಿದ್ದಿದ್ರ ನೀವ ಅವರನ್ನ ಹೊರಗ ಹಾಕತಿದ್ರಿ. ಒಂದು ಗೆರಿ ತಿದ್ದಿದ್ರ ಉಳದದ್ದನ್ನ ಯಾರು ನಂಬತಾರ್ರೀ?”

“ಇದೊಂದ ಜುಬೇದಾ. ಇದೊಂದರಿಂದ ಒಬ್ಬನ ಬಾಳೇ ಸರಿಹೋಗತೈತಿ.”

“ಇದ್ದದ್ದು ಇದ್ದಂಗ ಹೇಳಿದ್ರ ಸರಿಹೋಗೂದಿಲ್ಲೇನ್ರೀ? ಇದರಾಗ ನಮ್ಮ ಕೆಲಸದ್ದ ಸಾಕ್ಷಿ ಐತಿ. ಹತ್ತು ವಾರ ಬಿಟ್ಟವರು ಗದಿ ಗೆದ್ದಾರ.”

ಕಸ್ತೂರಿ ಎರಡೂ ದಂಡೆ ಕೂಡಿಸಿಯೇಬಿಟ್ಟಳು. ಹನ್ನೊಂದು ವರ್ಷದ ಕೆಲಸವನ್ನು ಕೆಡಿಸಲು ಎರಡು ನಿಮಿಷ ಸಾಕಾಯಿತು. ಗೆರೆ ಹದಿನೈದರಿಂದ ಎಪ್ಪತ್ತೆರಡರವರೆಗೆ ಎಲ್ಲೂ ತಗ್ಗದೆ ಹರಿಯಿತು. ಜುಬೇದಾ ಆ ದಿನ ಮಧ್ಯಾಹ್ನವೇ ರಜೆ ಬರೆದುಕೊಟ್ಟು ಹೋದಳು.

ನಾಗರಪಂಚಮಿಯ ಬೆಳಿಗ್ಗೆ ಗರಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹನುಮಪ್ಪನ ಮೂರ್ತಿಗೆ ಹೂವು, ಅಖಾಡದ ನಾಲ್ಕು ಮೂಲೆಗೆ ನಿಂಬೆಹಣ್ಣು, ಹಳೆಯ ಪೈಲವಾನರಿಗೆ ರುಮಾಲು. ಸಿದರಾಯ ಹನ್ನೆರಡು ವರ್ಷದ ಮೇಲೆ ಆ ಓಣಿಗೆ ಬಂದಿದ್ದ. ಒಳಗೆ ಬರುವ ಹಾಗಿಲ್ಲವಾದ್ದರಿಂದ ಹೊಸ್ತಿಲಾಚೆ, ಕೈಯಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದ. ಎಣ್ಣೆ ನೀರು ಹಾಕಿಕೊಂಡಿದ್ದ. ಅಂಗಿಯ ಒಳಗೆ ಹೊಸ ಲಂಗೋಟಿ ಬಿಗಿದಿದ್ದಾನೆಂದು ಮಾಲವ್ವ ಕಸ್ತೂರಿಯ ಕಿವಿಯಲ್ಲಿ ಹೇಳಿ ಕಣ್ಣೊರೆಸಿಕೊಂಡಳು.

ಚಂದ್ರಾಮ ಮಾಸ್ತರರು ಕರೆದಾಗ ಕಸ್ತೂರಿ ಎದ್ದು ನಿಂತು ಹಾಳೆಯನ್ನು ಎತ್ತಿ ಹಿಡಿದಳು. ತಾನು ಎಂಥ ಸ್ಪಷ್ಟ ದನಿಯಲ್ಲಿ ಸುಳ್ಳು ಹೇಳಬಲ್ಲೆ ಎಂದು ಅವಳಿಗೇ ಆಶ್ಚರ್ಯವಾಯಿತು.

“ಮಷೀನು ಹೇಳತೈತಿ. ಭರಮಪ್ಪ ವಸ್ತಾದರ ಗೆರಿ ಎಲ್ಲೂ ಇಳದಿಲ್ಲ. ಒಂದೂ ನಾಗಾ ಇಲ್ಲ.”

ಶಿಳ್ಳೆ, ಕೇಕೆ, ಹಲಗೆಯ ಸದ್ದು. ಯಾರೋ ಭರಮಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡರು. ಭಂಡಾರದ ಅರಿಸಿನ ಪುಡಿ ಹಾರಿತು. ಗದ್ದಲ ಇಳಿದ ಮೇಲೆ ಭರಮಪ್ಪ ಕೆಳಗಿಳಿದು ಹೊಸ್ತಿಲ ಕಡೆ ಎರಡು ಹೆಜ್ಜೆ ಇಟ್ಟ. ಅದನ್ನಂತೂ ಕಸ್ತೂರಿ ಕಣ್ಣಾರೆ ಕಂಡಳು. ಅವನು ಇಟ್ಟದ್ದು ಎರಡೇ ಹೆಜ್ಜೆ. ಅಷ್ಟರಲ್ಲಿ ಚಂದ್ರಾಮ ಮಾಸ್ತರರು ಕೈಯೆತ್ತಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಅವರ ಪ್ರಾಮಾಣಿಕತೆಯ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ.

“ಇಷ್ಟು ದಿನಾ ನಾವು ನಂಬಿಕಿ ಮ್ಯಾಲ ಹೇಳತಿದ್ವಿ. ಇವತ್ತು ವಿಜ್ಞಾನ ಹೇಳೇತಿ. ಇಂಥಾ ವಸ್ತಾದರು ಕೂತ ಜಾಗಾದಾಗ ಕೂಡೂ ಯೋಗ್ಯತಾ ಯಾರಿಗೈತಿ? ನಾವು ಪಂಚರು ಈಗ ಒಂದು ಮಾತು ಮಾಡೇವಿ. ಇನ್ನ ಮ್ಯಾಲ ಈ ಗರಡಿಯೊಳಗ ಗೆರಿ ನೋಡೇ ಮಣ್ಣಿಗೆ ಇಳಸೂದು. ಮಂಡಲಕ್ಕಿಂತ ಹೆಚ್ಚು ಇಳದ ಗೆರಿ ಯಾರದೈತಿ, ಅವ ಯಾರ ಮಗ ಇರಲಿ, ಅವನಿಗೆ ಬಾಗಲಾ ಮುಚ್ಚಿದ್ದ. ವಸ್ತಾದರು ಕೈ ಹಿಡದು ಕರಿಯೂ ಪದ್ಧತೀನೂ ಇವತ್ತಿಗೆ ಮುಗೀತು. ಮನಷ್ಯಾರು ಮುಲಾಜಿಗೆ ಬೀಳತಾರ, ಮಷೀನು ಬೀಳೂದಿಲ್ಲ. ಹೌದಲ್ರೀ ವಸ್ತಾದ?”

ಗರಡಿಗೆ ಗರಡಿಯೇ ಭರಮಪ್ಪನ ಕಡೆ ತಿರುಗಿತು. ಅವನು ಹೊಸ್ತಿಲ ಕಡೆ ನೋಡಿದ, ಕಸ್ತೂರಿಯ ಕಡೆ ನೋಡಿದ, ಆಮೇಲೆ ತನ್ನನ್ನೇ ನೋಡುತ್ತಿದ್ದ ಆ ನೂರಾರು ಮುಖಗಳನ್ನು ನೋಡಿದ.

“ಪಂಚರು ಹೇಳಿದಂಗ,” ಎಂದ.

ಕಸ್ತೂರಿ ಕೂಗಿಯೇಬಿಟ್ಟಳು. “ಮಾಸ್ತರ್ರ, ಮಷೀನು ಇರೂದು ಅದಕ್ಕಲ್ಲರೀ! ಬಿಟ್ಟ ಶಕ್ತಿ ಹೊಳ್ಳಿ ಬರತೈತಿ. ಹತ್ತು ವಾರ ಬಿಟ್ರ ಏನೂ ಆಗೂದಿಲ್ಲ. ನಾ ಬರಕೊಡತೇನಿ.”

ಚಂದ್ರಾಮ ಮಾಸ್ತರರು ಬೇಜಾರು ಮಾಡಿಕೊಳ್ಳಲಿಲ್ಲ. ಶಾಲೆಯ ಹುಡುಗಿಗೆ ಹೇಳುವ ಹಾಗೆ ಅಂದರು, “ಹೊಳ್ಳಿ ಬರಬಹುದು ತಂಗಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಬಿಡದಂಗ ಇರಾಕ ಮನಷ್ಯಾನ ಕೈಲೆ ಆಗತೈತಿ ಅಂತ ಈಗರ ನಿನ್ನ ಮಷೀನ ತೋರಿಸಿತಲ್ಲ? ಹೆಣ್ತಿ ಸಾಯೂ ಹೊತ್ತಿನ್ಯಾಗೂ ಬಿಡದಂಗ ಇದ್ದಾರಲ್ಲ? ಅವರಿಗೆ ಆದದ್ದು ಉಳದವರಿಗೆ ಯಾಕ ಆಗಬಾರದು?”

ಅವಳ ಬಳಿ ಇದಕ್ಕೆ ಒಂದೇ ಉತ್ತರವಿತ್ತು. ಆ ಉತ್ತರ ಧಾರವಾಡದಲ್ಲಿ, ಅಳಿಸದೆ ಉಳಿಸಿಕೊಂಡ ಮೂಲ ಓದಿನಲ್ಲಿತ್ತು. ಈಗ ಅದನ್ನು ಹೇಳಿದರೆ ತಿದ್ದಿದವಳು ತಾನೇ ಎಂದೂ ಹೇಳಬೇಕು. ತಿದ್ದಿದ ಯಂತ್ರ ಸಿದರಾಯನ ಬಗ್ಗೆ ಹೇಳಿದ್ದನ್ನು ಯಾರು ಕೇಳುತ್ತಾರೆ? ಭರಮಪ್ಪ ಹಾಕಿದ ಪಟ್ಟು ಅಪ್ಪ ಮಗಳು ಇಬ್ಬರ ಕುತ್ತಿಗೆಗೂ ಬಿದ್ದಿತ್ತು.

ಜನ ದಾರಿ ಬಿಟ್ಟುಕೊಟ್ಟರು. ಕೋಲು ಒಪ್ಪಿಸಲು ಭರಮಪ್ಪನನ್ನು ಮೆರವಣಿಗೆಯಲ್ಲಿ ಹೊರಗೆ ಕರೆತರುವುದಿತ್ತು. ಕಸ್ತೂರಿ ತಳ್ಳಿಕೊಂಡು ಮೊದಲೇ ಹೊಸ್ತಿಲು ದಾಟಿ ತಮ್ಮನ ತೋಳು ಹಿಡಿದಳು.

“ಸಿದರಾಯ, ನಡಿ ಮನಿಗೆ. ನಿನಗ ಒಂದ್ ಮಾತು ಹೇಳಬೇಕು.”

ಸಿದರಾಯ ಕದಲಲಿಲ್ಲ. ಅವನ ಮುಖದಲ್ಲಿ ಸಿಟ್ಟನ್ನು, ಅಳುವನ್ನು ಹುಡುಕಿದಳು, ಎರಡೂ ಇರಲಿಲ್ಲ. ಬಹಳ ದಿನದ ಒಂದು ವ್ಯಾಜ್ಯ ತೀರಿಹೋದವನ ಸಮಾಧಾನವಿತ್ತು. ಅದನ್ನು ಕಂಡು ಅವಳಿಗೆ ಭಯವಾಯಿತು.

“ಅಕ್ಕಾ, ಅಪ್ಪ ಖರೇನ ಒಂದಿನಾನೂ ಬಿಟ್ಟಿಲ್ಲ ನೋಡು,” ಎಂದ. “ನಾ ಹನ್ನೆರಡು ವರ್ಷ ಏನೇನೋ ಅನ್ಕೊಂಡಿದ್ನಿ. ಇವನೂ ಎಲ್ಲೋ ಬಿಟ್ಟಿರಬೇಕು, ನನ್ನ ಮ್ಯಾಲ ಅಷ್ಟ ಜೋರು ಮಾಡತಾನ ಅಂತ. ದಿನಾ ಸಿಲಿಂಡರ್ ಹೊತ್ತಾಗ ಅದನ್ನ ನೆನೆಸಿ ಸಿಟ್ಟಿಲೆ ಮಹಡಿ ಏರತಿದ್ನಿ. ತಪ್ಪು ನಂದ ಅಕ್ಕಾ.”

“ಇಲ್ಲೋ. ಹಂಗಲ್ಲ, ಕೇಳಿಲ್ಲಿ—”

“ಪಂಚರ ಮುಂದ ನೀನ ಹೇಳಿದಿಯಂತ ಅಲ್ಲ? ಮಷೀನಿಗೆ ಅಂತಃಕರಣ ಇರೂದಿಲ್ಲ ಅಂದಿ. ಅದ್ಯಾಕ ಸುಳ್ಳು ಹೇಳತೈತಿ?”

ಹಲಗೆ ಬಡಿಯುತ್ತ ಮೆರವಣಿಗೆ ಹೊರಗೆ ಬಂತು. ಸಿದರಾಯ ಅಕ್ಕನ ಕೈ ಬಿಡಿಸಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋಗಿ, ತೆಂಗಿನಕಾಯಿಯನ್ನು ಪಕ್ಕಕ್ಕಿಟ್ಟು, ಬೀದಿಯ ಮಣ್ಣಿನ ಮೇಲೆ ಮಂಡಿಯೂರಿ ಅಪ್ಪನ ಎರಡೂ ಪಾದಗಳಿಗೆ ಹಣೆ ಹಚ್ಚಿದ. “ಅಪ್ಪಾ, ನಂದು ತಪ್ಪಾತು,” ಎಂದದ್ದು ಹತ್ತಿರ ನಿಂತವರಿಗೆಲ್ಲ ಕೇಳಿಸಿತು. ಮಂದಿ ಕಣ್ಣೊರೆಸಿಕೊಂಡರು.

ಭರಮಪ್ಪ ಮಗನ ಬೆನ್ನಿನ ಮೇಲಿಂದ ಮಗಳನ್ನು ನೋಡಿದ. ಅವಳು ಒಂದು ಮಾತು ಆಡಿದರೆ ಸಾಕಿತ್ತು, ಅವನೂ ಒಂದು ಮಾತು ಆಡಿದರೆ ಸಾಕಿತ್ತು. ಹಲಗೆಯವರು ಕಾಯುತ್ತಿದ್ದರು. ಮುದುಕ ಕೈಯನ್ನು ಮಗನ ತಲೆಯ ಮೇಲಿಟ್ಟು, “ಇರಲಿ ಏಳು, ಕ್ಷಮಾ ಮಾಡೇನಿ,” ಎಂದ.